ಬಿಎಂಪಿ ಗಾಡಿಯಿಂದ ಸೆಕ್ಷನ್ ನಡೆಸುವುದು: ಕಮಾಂಡರ್ ಕೇಡರ್‌ಗೆ ಹೋಗುವವರು ಮೊದಲೇ ತಿಳಿದಿರಬೇಕಾದದ್ದು

ನಮ್ಮ ಕಡೆಯ ಹುಡುಗರಿಗೆ ಸೈನ್ಯದ ಭರ್ತಿ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. 1.6 ಕಿಲೋಮೀಟರ್ ಹೇಗೆ ಓಡಬೇಕು, ಯಾವ ಕಾಗದಕ್ಕೆ ಯಾರ ಸಹಿ ಬೇಕು ಅನ್ನುವುದನ್ನು ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಬೆಳಗಿನ ಜಾವ ಓಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸೇರಿ ಕೆಲವು ವರ್ಷ ಕಳೆದು, ಲಾನ್ಸ್ ನಾಯಕ್ ಆಗಿ, ನಾಯಕ್ ಆಗಿ, ಒಂದು ಸೆಕ್ಷನ್ ನಡೆಸುವ ಹೊಣೆ ಹೆಗಲಿಗೆ ಬಂದಾಗ ಏನೇನು ಎದುರಾಗುತ್ತದೆ ಅನ್ನುವುದು ಮಾತ್ರ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಉಕ್ಕಿನ ಕವಚದ ಗಾಡಿಯಲ್ಲಿ ಹೋಗಿ ಇಳಿದು ಹೋರಾಡುವ ಕಾಲಾಳು ಪಡೆ, ಅಂದರೆ ಮೆಕನೈಸ್ಡ್ ಇನ್‌ಫೆಂಟ್ರಿಯ ಬಗ್ಗೆಯಂತೂ ಇನ್ನೂ ಕಡಿಮೆ. ಸೆಕ್ಷನ್ ಕಮಾಂಡರ್ ಆಗುವವರಿಗೆ ಬಡ್ತಿಗೆ ಮುಂಚೆ ಕೊಡುವ ತರಬೇತಿ, ಅದೇ ಕೇಡರ್, ನನ್ನದು ಈಗಷ್ಟೇ ಮುಗಿದಿದೆ. ಆಳಂದ, ಚಿತ್ತಾಪುರ, ಹುಮನಾಬಾದ್, ಸುರಪುರದಿಂದ ಹೋಗಿ ಈ ಪಡೆಯಲ್ಲಿರುವ ತಮ್ಮಂದಿರಿಗೆ ಉಪಯೋಗವಾಗಲೆಂದು, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿರುವ ಅಳತೆಗಳೆಲ್ಲ ಯಾರು ಬೇಕಾದರೂ ಪುಸ್ತಕದಲ್ಲಿ ನೋಡಬಹುದಾದವು. ಯೂನಿಟ್, ಜಾಗ, ರೇಡಿಯೊ ಸಂಕೇತ ಇವುಗಳ ಬಗ್ಗೆ ಯಾರೂ ಎಲ್ಲಿಯೂ ಬರೆಯಬಾರದು, ಕೇಳಲೂಬಾರದು.

ಹೊಸಬರಿಗೆ ಎರಡು ಮಾತು. ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟ್ ಹುಟ್ಟಿದ್ದು 1979ರಲ್ಲಿ. ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೆ. ಸುಂದರ್‌ಜಿ ಅದನ್ನು ಕಟ್ಟಿದವರಲ್ಲಿ ಮುಖ್ಯರು. ಅದರ ಕೇಂದ್ರ ಇರುವುದು ಅಹಮದ್‌ನಗರದಲ್ಲಿ, ಈಗ ಅಹಿಲ್ಯಾನಗರ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಸೊಲ್ಲಾಪುರ, ದೌಂಡ್ ದಾಟಿ ನೇರ ಅಲ್ಲಿಗೇ ಹೋಗುತ್ತದೆ. ನಾವು ನಡೆಸುವ, ಟ್ರ್ಯಾಕಿನ ಮೇಲೆ ಓಡುವ ಕವಚದ ಬಿಎಂಪಿ-2 ಗಾಡಿ ನಮ್ಮ ದೇಶದಲ್ಲಿ ತಯಾರಾಗುವುದು ಬೀದರಿನ ಪಕ್ಕದ ತೆಲಂಗಾಣದ ಮೇದಕ್ ಕಾರ್ಖಾನೆಯಲ್ಲಿ, ‘ಸಾರಥ್’ ಅನ್ನುವ ಹೆಸರಿನಲ್ಲಿ. ಸುಮಾರು 14 ಟನ್ ತೂಕ. ಡ್ರೈವರ್, ಗನ್ನರ್, ಕಮಾಂಡರ್ ಮೂವರು ಗಾಡಿಯವರು, ಇಳಿದು ಹೋರಾಡುವವರು ಏಳು ಜನ. ಈ ಹತ್ತು ಜನರನ್ನೂ ಗಾಡಿಯನ್ನೂ ಒಟ್ಟಿಗೆ ನಡೆಸುವುದೇ ಕೆಲಸ.

ಮೊದಲ ಕಷ್ಟ ಕಾಯುವುದು. ಸೀನಿಯಾರಿಟಿ ಪಟ್ಟಿಯಲ್ಲಿ ಹೆಸರು ಮೇಲೆ ಬಂದರೂ ಕೇಡರ್ ಯಾವಾಗ ಶುರುವಾಗುತ್ತದೆ ಅನ್ನುವುದು ಯೂನಿಟ್‌ನ ಕೆಲಸದ ಮೇಲೆ ನಿಂತಿರುತ್ತದೆ. ರಜೆಯಲ್ಲಿ ಊರಿಗೆ ಬಂದಾಗಲೇ ಕರೆ ಬರುವುದುಂಟು. ಹೊಲ ಹದಕ್ಕೆ ಬಂದಿರುತ್ತದೆ, ಮನೆಯಲ್ಲಿ ಮದುವೆ ಗೊತ್ತಾಗಿರುತ್ತದೆ, ಹೊರಡಲೇಬೇಕು. ಆ ಅವಸರದಲ್ಲಿ ರಿಸರ್ವೇಶನ್ ಸಿಗುವುದು ಕಷ್ಟ, ಹಾಗಾಗಿ ಮರಳುವ ರೈಲಿನ ಖರ್ಚನ್ನು ಕೈಯಲ್ಲೇ ಇಟ್ಟುಕೊಂಡಿರಿ. ಕಾಗದದ ವಿಷಯದಲ್ಲಿ ನಮ್ಮ ಜಿಲ್ಲೆಗಳ ಹುಡುಗರಿಗೆ ಎದುರಾಗುವ ತೊಡಕು ಒಂದೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಸರ್ವಿಸ್ ದಾಖಲೆ ಮೂರರಲ್ಲಿ ಹೆಸರಿನ ಕಾಗುಣಿತ ಮೂರು ಥರ ಇರುತ್ತದೆ, ಒಂದರಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಕೇಡರ್‌ನ ಮೊದಲ ವಾರ ಕ್ಲರ್ಕ್ ಮುಂದೆ ಸಾಲಿನಲ್ಲಿ ನಿಲ್ಲುವುದು ಬೇಡವೆಂದರೆ ಅದನ್ನು ಆರು ತಿಂಗಳು ಮುಂಚೆಯೇ ಸರಿಮಾಡಿಸಿ. ಮೆಡಿಕಲ್ ಕೆಟಗರಿ ಶೇಪ್-1, ಅಂದರೆ ಪೂರ್ತಿ ಸದೃಢ ಅಂತ ಇರಬೇಕು. ಗನ್ನಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರು ಕಿವಿ ತೋರಿಸಿಕೊಳ್ಳುವುದನ್ನು ಮುಂದೂಡಬೇಡಿ. ಕೈಯಿಂದ ಆಗುವ ಖರ್ಚು ದೊಡ್ಡದಲ್ಲ. ಪ್ರೊಟ್ರ್ಯಾಕ್ಟರ್, ನಕ್ಷೆಯ ಮೇಲೆ ಹಾಕುವ ಪಾರದರ್ಶಕ ಹಾಳೆ, ಅದರ ಮೇಲೆ ಬರೆಯುವ ಪೆನ್ನು, ಜೇಬಿನಲ್ಲಿ ಹಿಡಿಯುವ ಗಟ್ಟಿ ರಟ್ಟಿನ ನೋಟ್‌ಬುಕ್, ಕತ್ತಲಲ್ಲಿ ಕಾಣುವ ಕೈಗಡಿಯಾರ, ಇಷ್ಟು ಸಾಕು.

ಊರಲ್ಲಿರುವಾಗಲೇ ಮಾಡಬಹುದಾದ ಅತಿ ಮುಖ್ಯ ತಯಾರಿ ನೆಲವನ್ನು ಓದುವುದು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಎತ್ತರ ತೋರಿಸುವ ಗೆರೆಗಳ ನಡುವೆ 20 ಮೀಟರ್ ಅಂತರ. ನಮ್ಮ ಎರೆನೆಲದ ಬಯಲಿನಲ್ಲಿ ಎರಡು ಗೆರೆಗಳ ನಡುವೆ ಊರಿಗೆ ಊರೇ ಕೂರುತ್ತದೆ. ಬಿಎಂಪಿಯ ಎತ್ತರವಾದರೋ 2.45 ಮೀಟರ್. ಮೂರು ಮೀಟರ್ ಆಳದ ಒಂದು ಹಳ್ಳ ಇಡೀ ಗಾಡಿಯನ್ನು ನುಂಗಿ ಮರೆಮಾಡುತ್ತದೆ, ನಕ್ಷೆಯ ಗೆರೆಯಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ. ಆದ್ದರಿಂದ ಕಮಾಂಡರ್ ಗೆರೆಗಳಿಗಿಂತ ನೀಲಿ ಬಣ್ಣದ ಹಳ್ಳಗಳನ್ನೂ, ಬಂಡಿದಾರಿ ಹಳ್ಳಕ್ಕೆ ಇಳಿಯುವ ಜಾಗಗಳನ್ನೂ ಹುಡುಕಬೇಕು. ತೊಗರಿ ಎದೆಯೆತ್ತರ ಬೆಳೆದಿರುವಾಗ ಹೊಲದ ಬದುವಿನ ಮೇಲೆ ನಿಂತು ನೋಡಿ, ಆಮೇಲೆ ಅಲ್ಲೇ ನೆಲಕ್ಕೆ ಮಲಗಿ ನೋಡಿ. ಗಾಡಿಯ ಮೇಲಿನ ಕಿಂಡಿಯಿಂದ ಕಾಣುತ್ತಿದ್ದ ಗುರಿ ಇಳಿದು ಮಲಗಿದವನಿಗೆ ಕಾಣುವುದೇ ಇಲ್ಲ. ಮೇಲಿರುವ ಗನ್ನರ್‌ಗೆ ಕಾಣುವ ನೆಲ ಬೇರೆ, ಕೆಳಗಿರುವ ಏಳು ಜನರಿಗೆ ಕಾಣುವ ನೆಲ ಬೇರೆ. ಎರಡನ್ನೂ ಒಂದೇ ತಲೆಯಲ್ಲಿ ಹಿಡಿಯಬೇಕಾದವನು ಸೆಕ್ಷನ್ ಕಮಾಂಡರ್. ಕೇಡರ್‌ನಲ್ಲಿ ಜನ ಹಿಂದೆ ಬೀಳುವುದಕ್ಕೆ ಇದು ಮೊದಲ ಕಾರಣ.

ಶುರುವಿನ ದಿನಗಳು ಗಾಡಿಯ ಸುತ್ತಲೇ ಕಳೆಯುತ್ತವೆ. ಫಸ್ಟ್ ಪರೇಡ್, ಹಾಲ್ಟ್ ಪರೇಡ್, ಲಾಸ್ಟ್ ಪರೇಡ್ ಅಂದರೆ ಹೊರಡುವ ಮುಂಚೆ, ನಡುವೆ ನಿಂತಾಗ, ಮುಗಿದ ಮೇಲೆ ಮಾಡುವ ತಪಾಸಣೆ. ಎಣ್ಣೆ, ಕೂಲಂಟ್, ಬ್ಯಾಟರಿ, ಇಂಜಿನ್ ಶುರುಮಾಡಲು ಬೇಕಾದ ಗಾಳಿಯ ಸಿಲಿಂಡರಿನ ಒತ್ತಡ, ಟ್ರ್ಯಾಕಿನ ಬಿಗಿ, ರೇಡಿಯೊ, ಇಂಟರ್‌ಕಾಮ್. ಇದನ್ನೆಲ್ಲ ಕಮಾಂಡರ್ ತನ್ನ ಕೈಯಿಂದ ಮಾಡಲು ಹೋದರೆ ಅವನಿಗೆ ನಕ್ಷೆ ನೋಡಲು ಹೊತ್ತು ಉಳಿಯುವುದಿಲ್ಲ. ಡ್ರೈವರ್ ತನ್ನದನ್ನು, ಗನ್ನರ್ ತನ್ನದನ್ನು ನೋಡಿ ಬಂದು ಬಾಯಿಮಾತಿನ ವರದಿ ಕೊಡಬೇಕು. ಕಮಾಂಡರ್ ಪ್ರತಿ ಸಲ ಅದರಲ್ಲಿ ಒಂದನ್ನು ಮಾತ್ರ, ಇಂಥದ್ದೇ ಅಂತ ಮೊದಲು ಹೇಳದೆ, ಸ್ವತಃ ಮುಟ್ಟಿ ನೋಡಬೇಕು. ಎರೆಮಣ್ಣಿನಲ್ಲಿ ಮಳೆಯಾದ ಮೇಲೆ ಟ್ರ್ಯಾಕಿನ ಬಿಗಿಯನ್ನು ಬಿಡದೆ ನೋಡಿ. ಮಣ್ಣು ತುಂಬಿಕೊಂಡ ಸಡಿಲ ಟ್ರ್ಯಾಕಿನಲ್ಲಿ ಗಾಡಿಯನ್ನು ನಿಂತಲ್ಲೇ ತಿರುಗಿಸಿದರೆ ಟ್ರ್ಯಾಕ್ ಕಳಚುತ್ತದೆ, ಮತ್ತೆ ಏರಿಸುವುದಕ್ಕೆ ಇಡೀ ಸೆಕ್ಷನ್ ಬೆವರು ಹರಿಸಬೇಕು. ಅಗಲವಾಗಿ ಸುತ್ತಿ ತಿರುಗಿಸುವುದು ಸುರಕ್ಷಿತ.

ಡ್ರೈವರ್ ಕೂರುವುದು ಮುಂದೆ ಎಡಕ್ಕೆ, ಅವನ ಬಲಕ್ಕೆ ಇಂಜಿನ್. ಹಾಗಾಗಿ ಬಲಗಡೆಯ ಹತ್ತಿರದ ನೆಲ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಕಮಾಂಡರ್ ಗನ್ ಕೂರಿಸಿದ ತಿರುಗುವ ಗೋಪುರದ ಬಲಗಡೆ ಕೂರುವುದರಿಂದ ಆ ಕಣ್ಣು ಅವನೇ. ಆದರೆ ‘ಎಡಕ್ಕೆ, ಇನ್ನೂ ಎಡಕ್ಕೆ, ಸಾಕು’ ಅನ್ನುತ್ತ ಹೋದರೆ ಕಮಾಂಡರ್ ಬಾಯಿಯಿಂದ ಗಾಡಿ ಓಡಿಸಿದ ಹಾಗೆ ಆಗುತ್ತದೆ, ಬೇರೇನೂ ಮಾಡಲಾಗುವುದಿಲ್ಲ. ‘ಆ ಬೇವಿನ ಮರದ ಬಲಕ್ಕೆ ಹೋಗಿ ಬದುವಿನ ಹಿಂದೆ ನಿಲ್ಲಿಸು’ ಅಂತ ಎಲ್ಲಿಗೆ ಹೋಗಬೇಕೋ ಅದನ್ನು ಹೇಳಿ. ಹೇಗೆ ಹೋಗಬೇಕು ಅನ್ನುವುದನ್ನು ಡ್ರೈವರ್ ನೋಡಿಕೊಳ್ಳುತ್ತಾನೆ. ಮುಂದಿನ ಒಂದು ನಿಮಿಷ ನಿಮ್ಮ ತಲೆ ನಿಮಗೆ ಸಿಗುತ್ತದೆ. ಕೇಡರ್‌ನಲ್ಲಿ ಕಲಿಯುವ ಅಭ್ಯಾಸಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವುದು ಇನ್ನೊಂದಿಲ್ಲ ಅನ್ನುವುದು ನನ್ನ ದೃಢವಾದ ಅಭಿಪ್ರಾಯ.

ಗನ್ನಿನ ಪಾಠದಲ್ಲಿ ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಅರ್ಥ ಹಿಡಿಯಬೇಕು. 30 ಎಂಎಂ ಗನ್ನಿಗೆ ಗಾಡಿಯಲ್ಲಿ 500 ಗುಂಡು. ಉಕ್ಕು ಸೀಳುವವು 160, ಸಿಡಿಯುವವು 340. ವೇಗದ ಗತಿಯಲ್ಲಿ ಅದು ನಿಮಿಷಕ್ಕೆ 550ಕ್ಕೂ ಹೆಚ್ಚು ಹಾರಿಸುತ್ತದೆ. ಅಂದರೆ ಗುಂಡಿ ಒತ್ತಿ ಹಿಡಿದರೆ ಒಂದು ನಿಮಿಷದೊಳಗೆ ಗಾಡಿ ಬರಿದು. ಸಣ್ಣ ಸಣ್ಣ ಸರಣಿಯಲ್ಲಿ ಹಾರಿಸುವುದನ್ನು ಗನ್ನರ್‌ಗೆ ರೂಢಿಮಾಡಿಸಿ, ಪ್ರತಿ ಕಾರ್ಯಾಚರಣೆಯ ನಡುವೆ ಉಳಿದದ್ದೆಷ್ಟು ಅಂತ ಕೇಳದೆಯೇ ಅವನು ಹೇಳುವಂತೆ ಮಾಡಬೇಕು. ಟ್ಯಾಂಕ್ ಒಡೆಯುವ ಕಾಂಕರ್ಸ್ ಕ್ಷಿಪಣಿ 75 ಮೀಟರಿನಿಂದ 4,000 ಮೀಟರಿನವರೆಗೆ ಹೋಗುತ್ತದೆ, ಕೊನೆಯ ದೂರಕ್ಕೆ ಮುಟ್ಟಲು ಸುಮಾರು 20 ಸೆಕೆಂಡು ಬೇಕು. ಅಷ್ಟು ಹೊತ್ತೂ ಗಾಡಿ ನಿಂತಿರಬೇಕು, ಗನ್ನರ್ ಗುರಿಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಆಗ ಕಮಾಂಡರ್‌ಗೂ ಅದೇ ಗುರಿಯನ್ನು ನೋಡಬೇಕೆಂಬ ಆಸೆ ತಡೆಯಲಾರದಷ್ಟು ಬರುತ್ತದೆ. ಆ 20 ಸೆಕೆಂಡು ಅವನು ನೋಡಬೇಕಾದದ್ದು ಎಡ, ಬಲ, ಹಿಂದೆ. ಇನ್ನೊಂದು ಚಟ, ಗೋಪುರದ ಹಿಡಿತವನ್ನು ಗನ್ನರ್ ಕೈಯಿಂದ ಪದೇ ಪದೇ ತನ್ನ ಕಡೆ ಎಳೆದುಕೊಳ್ಳುವುದು. ಕಮಾಂಡರ್‌ಗೆ ಆ ಅನುಕೂಲ ಇದೆ ನಿಜ, ದಿನವಿಡೀ ಬಳಸಿದರೆ ಮಾತ್ರ ಗನ್ನರ್ ತಾನಾಗಿ ಹುಡುಕುವುದನ್ನೇ ಬಿಡುತ್ತಾನೆ. ಅಲ್ಲಿಗೆ ಇಬ್ಬರ ಕೆಲಸ ಒಬ್ಬನ ಮೇಲೆ ಬಿತ್ತು.

ಇನ್ನು ರೇಡಿಯೊ. ಕೆಲವು ಸೆಕ್ಷನ್ ಸೇರಿದ ಪ್ಲಟೂನಿನ ಮಾತು, ಗಾಡಿಯೊಳಗಿನ ಇಂಟರ್‌ಕಾಮ್, ಇಳಿದವರ ಕೈ ರೇಡಿಯೊ, ಮೂರೂ ಒಂದೇ ಗಳಿಗೆಯಲ್ಲಿ ಮಾತಾಡುತ್ತವೆ. ಇಲ್ಲಿ ಒಳ್ಳೊಳ್ಳೆಯ ಹುಡುಗರೇ ತಬ್ಬಿಬ್ಬಾಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರು ಗಪ್ ಆಗಿಬಿಡುತ್ತಾರೆ. ಅದು ಬುದ್ಧಿ ಕಡಿಮೆ ಇದ್ದುದರ ಗುರುತಲ್ಲ, ಮನುಷ್ಯನ ಕಿವಿಗೆ ಇರುವ ಮಿತಿ. ಮೂರು ಉಪಾಯಗಳು ಕೆಲಸಕ್ಕೆ ಬಂದವು. ಹೇಳಬೇಕಾದದ್ದನ್ನು ಗುಂಡಿ ಒತ್ತುವ ಮುಂಚೆಯೇ ನಾಲ್ಕು ತುಂಡು ಮಾಡಿಕೊಳ್ಳುವುದು: ನಾನು ಯಾರು, ಏನು ಕಂಡೆ, ಎಲ್ಲಿ, ಏನು ಮಾಡುತ್ತಿದ್ದೇನೆ. ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದು. ಮತ್ತು ತಾನು ನಕ್ಷೆ ನೋಡುವಾಗ ಪ್ಲಟೂನಿನ ಮಾತಿಗೆ ಕಿವಿಯಾಗುವ ಕೆಲಸವನ್ನು ಗನ್ನರ್‌ಗೆ ಬಾಯಿಬಿಟ್ಟು ಒಪ್ಪಿಸುವುದು. ‘ಅವನೂ ಕೇಳಿಸಿಕೊಂಡಿರುತ್ತಾನೆ’ ಅಂದುಕೊಂಡರೆ ಇಬ್ಬರೂ ಕೇಳಿಸಿಕೊಂಡಿರುವುದಿಲ್ಲ. ಮಾತೆಲ್ಲ ಹಿಂದಿಯಲ್ಲಿ. ದಖ್ಖನಿ ಕೇಳುತ್ತ ಬೆಳೆದ ಕಲಬುರಗಿ, ಬೀದರಿನವರಿಗೆ ಅದು ಹೊರೆಯಲ್ಲ, ಆದರೂ ಆದೇಶದ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ಹೇಳಿ ನಾಲಿಗೆಗೆ ಕೂರಿಸಿಕೊಳ್ಳಬೇಕು. ಗುಂಡಿನ ಆದೇಶಕ್ಕೆ ಕ್ರಮ ಗೊತ್ತಿರುವುದೇ: ಯಾರು ಹಾರಿಸಬೇಕು, ಎಷ್ಟು ದೂರ, ಗುರಿ ಯಾವುದು, ಯಾವ ಬಗೆಯ ಗುಂಡಿನ ದಾಳಿ. ಕ್ರಮ ತಪ್ಪದಿದ್ದರೆ ಅರ್ಧ ಕೇಳಿಸಿದರೂ ಗನ್ನರ್ ಉಳಿದದ್ದನ್ನು ಹಿಡಿಯುತ್ತಾನೆ.

ಇಷ್ಟೆಲ್ಲ ಮುಗಿದ ಮೇಲೆ ಬರುವುದು ಇಳಿಯುವ ಗಳಿಗೆ. ಇಡೀ ಕೇಡರ್ ನಿಂತಿರುವುದು ಇದರ ಮೇಲೆ. ಹಿಂದೆ ಕೂತವರು ಬೆನ್ನಿಗೆ ಬೆನ್ನು ಕೊಟ್ಟು ಹೊರಮುಖವಾಗಿ ಕೂತಿರುತ್ತಾರೆ. ಸಣ್ಣ ಪೆರಿಸ್ಕೋಪಿನಲ್ಲಿ ಕಾಣುವಷ್ಟೇ ಲೋಕ. ಗಾಡಿ ಎಷ್ಟು ಸಲ ತಿರುಗಿತು, ಶತ್ರು ಯಾವ ದಿಕ್ಕಿಗೆ, ಒಂದೂ ಗೊತ್ತಿರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರಿ, ಕುಲುಕಿ, ಹೊಗೆ ಕುಡಿದು ಕೂತವರು ಬಾಗಿಲು ತೆರೆದೊಡನೆ ಕಣ್ಣು ಕುಕ್ಕುವ ಬೆಳಕಿಗೆ ಧುಮುಕುತ್ತಾರೆ. ಅವರಿಗೆ ದಿಕ್ಕು ಸಿಗದ ಆ ಕೆಲವು ಸೆಕೆಂಡುಗಳಲ್ಲೇ ಜೀವ ಹೋಗುವುದು. ಹಾಗಾಗಿ ಬಾಗಿಲು ತೆರೆಯುವ ಮುಂಚೆ ಕಮಾಂಡರ್ ಹೇಳಿ ಮುಗಿಸಿರಬೇಕಾದದ್ದು ನಾಲ್ಕು: ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಶತ್ರುವಿನ ದಿಕ್ಕು, ದೂರ, ಮೊದಲ ಮರೆ ಯಾವುದು, ಯಾವ ಬಾಗಿಲಿನವರು ಯಾವ ಕಡೆಗೆ. ‘ಎರಡು ನಿಮಿಷ’ ಅಂತ ಎಚ್ಚರ ಕೊಟ್ಟರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಇನ್ನೂ 670 ಮೀಟರಿನಷ್ಟು ನೆಲ ಉಳಿದಿದೆ ಅಂತ ಅರ್ಥ. ಈ ಲೆಕ್ಕ ಬೆರಳ ತುದಿಯಲ್ಲಿರಬೇಕು, ಯಾಕೆಂದರೆ ಎಚ್ಚರಿಕೆ ತಡವಾದರೆ ಹೆಲ್ಮೆಟ್ ಕಟ್ಟಿಕೊಳ್ಳದವನು ಒಬ್ಬ ಒಳಗೇ ಉಳಿಯುತ್ತಾನೆ.

ಎಲ್ಲಿ ಇಳಿಯಬೇಕು? ಗುರಿಗೆ ಮುಂಚೆ, ಗುರಿಯ ಮೇಲೆ, ಇಲ್ಲವೇ ಗುರಿ ದಾಟಿ. ಮೂರಕ್ಕೂ ತೆರಬೇಕಾದ ಬೆಲೆ ಇದೆ. ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ-7 ರಾಕೆಟ್‌ನಿಂದ ಓಡುವ ಗಾಡಿಗೆ ಸುಮಾರು 300 ಮೀಟರ್, ನಿಂತ ಗಾಡಿಗೆ 500 ಮೀಟರ್ ದೂರದಿಂದಲೇ ಅಪಾಯ. ಅಂಥವು ಇರುವ ಕಡೆ ಮುಂಚೆಯೇ ಮರೆಯಲ್ಲಿ ಇಳಿದರೆ ಗಾಡಿ ಉಳಿಯುತ್ತದೆ, ಜನ ಬಯಲಲ್ಲಿ ನಡೆಯಬೇಕಾಗುತ್ತದೆ. ಹತ್ತಿರ ಹೋಗಿ ಇಳಿದರೆ ಜನರ ಕಾಲು ಉಳಿಯುತ್ತದೆ, ಒಂದೇ ಏಟಿಗೆ ಹತ್ತೂ ಜನ ಹೋಗುವ ಭಯ. 1973ರ ಅರಬ್-ಇಸ್ರೇಲ್ ಯುದ್ಧದಲ್ಲಿ ಕಾಲಾಳುಗಳಿಲ್ಲದೆ ಮುನ್ನುಗ್ಗಿದ ಟ್ಯಾಂಕುಗಳು ಕ್ಷಿಪಣಿಗಳಿಗೆ ಬಲಿಯಾದವು. 1994-95ರಲ್ಲಿ ಚೆಚೆನ್ಯಾದ ಗ್ರೋಜ್ನಿಯ ಬೀದಿಗಳಲ್ಲಿ ರಷ್ಯಾದ ಬಿಎಂಪಿಗಳು ಉರಿದದ್ದಕ್ಕೆ ಜೊತೆಯಾಗಿ ಪಳಗದ ಸೈನಿಕರೂ ಒಂದು ಕಾರಣ. ಕೇಡರ್‌ನಲ್ಲಿ ಕಲಿಸುವ ಉಸ್ತಾದರು ಎಲ್ಲಿ ಇಳಿಯಬೇಕು ಅನ್ನುವುದಕ್ಕೆ ಸಿದ್ಧ ಉತ್ತರ ಕೊಡುವುದಿಲ್ಲ, ಕೊಡಬಾರದು. ಅವರು ಕೇಳುವುದು ‘ಯಾಕೆ’ ಅಂತ. ಕಾರಣ ಹೇಳಲು ಬಂದರೆ ಅಂಕ.

ಏಳು ಜನರನ್ನು ನಡೆಸಲು ಕಮಾಂಡರ್ ತಾನೂ ಇಳಿದ ಮೇಲೆ ಗಾಡಿ ಯಾರದು? ಗನ್ನರ್‌ದು. ಇದನ್ನು ಹೊರಡುವ ಮುಂಚಿನ ಆದೇಶದಲ್ಲೇ, ಮರಳಿನಲ್ಲಿ ಮಾಡಿದ ನೆಲದ ಮಾದರಿ, ಅಂದರೆ ಸ್ಯಾಂಡ್ ಮಾಡೆಲ್ ಮುಂದೆ ನಿಂತಾಗಲೇ ತೀರ್ಮಾನಿಸಬೇಕು: ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ಗುರಿಗೆ ಹಾರಿಸುತ್ತದೆ, ನಮ್ಮ ಜನ ಎಲ್ಲಿಗೆ ಮುಟ್ಟಿದಾಗ ಗುಂಡು ನಿಲ್ಲಿಸುತ್ತದೆ ಅಥವಾ ಪಕ್ಕಕ್ಕೆ ಸರಿಸುತ್ತದೆ, ರೇಡಿಯೊ ಕೆಟ್ಟರೆ ಯಾವ ಸಂಕೇತ. ಈ ಕೊನೆಯದನ್ನು ಬಿಡುವವರೇ ಹೆಚ್ಚು. ಅಮೆರಿಕದ ಸೈನ್ಯಕ್ಕೂ ಇದು ಸುಲಭವಾಗಿಲ್ಲ. ಅವರ ಪ್ಲಟೂನಿನಲ್ಲಿ ನಾಲ್ಕು ಬ್ರಾಡ್ಲಿ ಗಾಡಿ, ಒಂಬತ್ತು ಒಂಬತ್ತು ಜನರ ಮೂರು ಸ್ಕ್ವಾಡ್. ಒಂದು ಗಾಡಿಯಲ್ಲಿ ಒಂದು ಸ್ಕ್ವಾಡ್ ಹಿಡಿಸದೆ ಇದ್ದುದರಿಂದ ಹಂಚಿ ಕೂರಿಸಬೇಕು, ಇಳಿದ ಮೇಲೆ ಕೂಡಿಸಬೇಕು. ನಮ್ಮ ಸೆಕ್ಷನ್ ಒಂದೇ ಗಾಡಿಯಲ್ಲಿರುವುದು ದೊಡ್ಡ ಅನುಕೂಲ. ಮತ್ತೆ ಹತ್ತುವುದು ಇಳಿಯುವುದಕ್ಕಿಂತ ಕಷ್ಟ. ಎಲ್ಲರೂ ದಣಿದಿರುತ್ತಾರೆ, ಸ್ಟ್ರೆಚರ್ ಬಂದರೆ ಕೂರುವ ಜಾಗ ಕಡಿಮೆಯಾಗುತ್ತದೆ. ಕೊನೆಯವನು ತಲೆ ಎಣಿಸಿ ಗಟ್ಟಿಯಾಗಿ ಹೇಳುವವರೆಗೆ ಡ್ರೈವರ್ ಗೇರ್ ಹಾಕಬಾರದು.

ಗಾಡಿ ಓಡಿಸುವ ಗಂಟೆಗಳಿಗೂ ಇಂಧನಕ್ಕೂ ಮಿತಿ ಇದೆ. ಅಭ್ಯಾಸಕ್ಕೆ ಗಾಡಿಯೇ ಬೇಕೆಂದಿಲ್ಲ. ನೆಲದ ಮೇಲೆ ಸುಣ್ಣದಲ್ಲಿ 6.7 ಮೀಟರ್ ಉದ್ದ, 3.15 ಮೀಟರ್ ಅಗಲದ ಆಯತ ಎಳೆಯಿರಿ. ಬಾಗಿಲಿನ ಜಾಗ ಗುರುತು ಮಾಡಿ ಹತ್ತು ಜನರನ್ನು ಅವರವರ ಜಾಗದಲ್ಲಿ ಕೂರಿಸಿ. ರಜೆಯಲ್ಲಿ ಊರಿನ ಕಣದಲ್ಲೂ ಇದನ್ನು ಮಾಡಬಹುದು. ಭರ್ತಿಗೆ ತಯಾರಾಗುವ ಹುಡುಗರು ಖುಷಿಯಿಂದ ಕೂರುತ್ತಾರೆ.

‘ತಮ್ಮಾ, ಬಾಗಿಲ ತಗದ ಮ್ಯಾಲ ನೀ ಯಾ ಕಡಿ ಹೋಗ್ತಿ?’

‘ಎಡಕ್ಕ ಅಣ್ಣಾ, ಆ ಬನ್ನಿ ಗಿಡದ ತನಕ.’

‘ಅಲ್ಲಿ ಮುಟ್ಟಿದ ಮ್ಯಾಲ?’

ಈ ಮೂರನೆಯ ಪ್ರಶ್ನೆಗೆ ಉತ್ತರ ಬರುವವರೆಗೆ ಮತ್ತೆ ಮತ್ತೆ ಮಾಡಿಸಬೇಕು.

ಹೊರೆಯನ್ನು ಒಂದೇ ಸಲ ಹೇರಬಾರದು. ಮೊದಲ ಸುತ್ತಿನಲ್ಲಿ ಬರೀ ಇಳಿಯುವುದು, ಎರಡನೆಯದಕ್ಕೆ ರೇಡಿಯೊ, ಆಮೇಲೆ ಒಬ್ಬ ಗಾಯಾಳು, ಆಮೇಲೆ ನಡುವೆಯೇ ಬದಲಾಗುವ ಆದೇಶ, ಕೊನೆಗೆ ಕಮಾಂಡರ್‌ನನ್ನೇ ‘ಗಾಯಗೊಂಡ’ ಅಂತ ಕೂರಿಸಿ ಎರಡನೆಯವನ ಕೈಗೆ ಸೆಕ್ಷನ್ ಕೊಡುವುದು. ಹೊತ್ತು ಇಲ್ಲವೆಂದು ಎಲ್ಲವನ್ನೂ ಮೊದಲ ದಿನವೇ ಸುರಿಯುವ ತರಬೇತಿಯಲ್ಲಿ ಹುಡುಗರು ಕಲಿಯುವುದು ಬೈಗುಳ ಸಹಿಸುವುದನ್ನು ಮಾತ್ರ. ಎಲ್ಲಿ ಹೊರೆ ಮಿತಿ ಮೀರಿತು ಅನ್ನುವುದನ್ನು ಅಳೆಯಲು ನಾಸಾದ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಆರು ಪ್ರಶ್ನೆಗಳ ಪಟ್ಟಿ ತುಂಬ ಉಪಯೋಗ. ತಲೆಗೆ ಎಷ್ಟು ಕೆಲಸ ಬಿತ್ತು, ಮೈಗೆ ಎಷ್ಟು, ಹೊತ್ತಿನ ಅವಸರ ಎಷ್ಟು, ಕೆಲಸ ಎಷ್ಟು ಸರಿಯಾಯಿತು, ಎಷ್ಟು ಶ್ರಮ ಹಿಡಿಯಿತು, ಎಷ್ಟು ಕಿರಿಕಿರಿಯಾಯಿತು. ಪ್ರತಿ ಸುತ್ತಿನ ನಂತರ ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಹಾಕಿಕೊಳ್ಳಿ. ಅವಸರದ ಅಂಕ ಏರುತ್ತ ಹೋದರೆ ನೀವು ಎಚ್ಚರಿಕೆಯ ಮಾತನ್ನು ತಡವಾಗಿ ಕೊಡುತ್ತಿದ್ದೀರಿ. ತಲೆಯ ಅಂಕ ಏರಿದರೆ ಗನ್ನರ್‌ಗೋ ಎರಡನೆಯವನಿಗೋ ಕೊಡಬೇಕಾದ ಕೆಲಸ ಇನ್ನೂ ನಿಮ್ಮ ಹತ್ತಿರವೇ ಇದೆ.

ಕೊನೆಯ ಹಂತ ಹಗಲು ರಾತ್ರಿ ಬಿಡುವಿಲ್ಲದ ಅಭ್ಯಾಸ. ಇಲ್ಲಿ ಸೋಲುವುದು ನಿದ್ದೆಗೆ. 17 ಗಂಟೆ ಎಚ್ಚರವಿದ್ದವನ ಚುರುಕು ರಕ್ತದಲ್ಲಿ ಶೇಕಡಾ 0.05 ಆಲ್ಕೋಹಾಲ್ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. 14 ಟನ್ ಗಾಡಿಯನ್ನು ಕತ್ತಲಲ್ಲಿ, ಪಕ್ಕದಲ್ಲೇ ಜನ ಮಲಗಿರುವಾಗ ಓಡಿಸುವವನು ಹಾಗಿದ್ದರೆ? ಆದ್ದರಿಂದ ಮೊದಲ ನಿದ್ದೆ ಡ್ರೈವರ್‌ಗೆ, ಆಮೇಲೆ ಗನ್ನರ್‌ಗೆ. ಗಾಡಿಯ ಕೆಳಗೆ, ಟ್ರ್ಯಾಕಿನ ಪಕ್ಕ ಯಾರೂ ಮಲಗಕೂಡದು. ಕಮಾಂಡರ್ ಮಲಗುವುದನ್ನು ಅವಮಾನ ಅಂದುಕೊಳ್ಳುವ ಹುಡುಗರು ಎರಡನೆಯ ರಾತ್ರಿ ನಕ್ಷೆಯ ಮೇಲೆ ಒಂದೇ ಜಾಗವನ್ನು ನೋಡುತ್ತ ಕೂರುತ್ತಾರೆ, ಆದೇಶ ಕೊಟ್ಟಿದ್ದೇನೋ ಇಲ್ಲವೋ ಅವರಿಗೇ ನೆನಪಿರುವುದಿಲ್ಲ. ಹೊಣೆಯನ್ನು ಬಾಯಿಬಿಟ್ಟು ಎರಡನೆಯವನಿಗೆ ಒಪ್ಪಿಸಿ, ಎಬ್ಬಿಸುವ ಹೊತ್ತು ಹೇಳಿ, ಮಲಗಬೇಕು. ಅಂಕ ಹಾಕುವವರು ಇದನ್ನು ಗಮನಿಸುತ್ತಾರೆ. ನೀರನ್ನು ಬಾಯಾರುವ ಮುಂಚೆ ಕುಡಿಸಿ. ಕೂಗಿ ಕೂಗಿ ಗಂಟಲು ಹೋಗಿರುತ್ತದೆ, ಕೈಸನ್ನೆಗಳನ್ನು ಮೊದಲ ದಿನದಿಂದಲೇ ಬಳಸಿ.

ಫಲಿತಾಂಶ ಬರಲು ಕಾಯಬೇಕು. ಪಾಸಾದ ಕೂಡಲೇ ತೋಳಿಗೆ ಬಡ್ತಿಯ ಪಟ್ಟಿ ಸಿಗುವುದಿಲ್ಲ, ಹವಾಲ್ದಾರ್ ಜಾಗ ಖಾಲಿಯಾದಾಗ ಸೀನಿಯಾರಿಟಿ ಪ್ರಕಾರ ಬರುತ್ತದೆ. ಆ ನಡುವಿನ ಕಾಲದಲ್ಲಿ ಕೆಲವರಿಗೆ ಬೇಸರ ಹಿಡಿಯುತ್ತದೆ, ಸಹಜವೇ. ಕೇಡರ್ ಮುಗಿಸಿದ್ದು ಸರ್ವಿಸ್ ದಾಖಲೆಗೆ ಏರಿದೆಯೇ, ದಾಖಲೆಯ ಬದಲಾವಣೆ ಪ್ರಕಟಿಸುವ ಪಾರ್ಟ್ ಟೂ ಆರ್ಡರ್‌ನಲ್ಲಿ ನಂಬರ್, ಹೆಸರು, ತಾರೀಖು ಸರಿಯಾಗಿ ಬಂದಿವೆಯೇ ಅನ್ನುವುದನ್ನು ಕ್ಲರ್ಕ್ ಹತ್ತಿರ ಹೋಗಿ ಕಣ್ಣಾರೆ ನೋಡಿ. ರಜೆಯ ಅರ್ಜಿ ಅದಾದ ಮೇಲೆ ಕೊಡಿ, ಯಾಕೆಂದರೆ ತಪ್ಪಿದ್ದರೆ ತಿದ್ದಿಸಲು ನೀವು ಅಲ್ಲೇ ಇರಬೇಕು, ಕಲಬುರಗಿಯಿಂದ ಫೋನಿನಲ್ಲಿ ಆಗುವ ಕೆಲಸ ಅದಲ್ಲ.